ಗಿರಣಿಯ ಸೈರನ್ ನಿಂತ ಮೇಲೆ: ಲ್ಯಾಂಕಾಶೈರ್ ಊರುಗಳ ನೆನಪಿನ ಬುತ್ತಿ

ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೂ ಆ ಬಿರುದು ಜನರ ನಾಲಿಗೆಯ ಮೇಲೆ ಬಹುಕಾಲ ಉಳಿಯಿತು. ಆದರೆ ಬಿರುದಿಗೆ ಮೂಲವಾದ ಮ್ಯಾಂಚೆಸ್ಟರ್ ಪ್ರಾಂತದ ಜನ ಹೇಗೆ ಬದುಕಿದ್ದರು, ತಮ್ಮ ಗಿರಣಿಗಳು ಮುಚ್ಚಿದ ಮೇಲೆ ಏನನ್ನು ನೆನಪಿಟ್ಟುಕೊಂಡರು ಎಂಬುದು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಲ್ಯಾಂಕಾಶೈರ್ ಪ್ರಾಂತದಲ್ಲಿ ಬೋಲ್ಟನ್, ಓಲ್ಡ್‌ಹ್ಯಾಮ್, ರಾಚ್‌ಡೇಲ್, ಬರ್ನ್ಲಿ, ಬ್ಲ್ಯಾಕ್‌ಬರ್ನ್, ಪ್ರೆಸ್ಟನ್ ಮುಂತಾದ ಊರುಗಳು ಹತ್ತಿಯಿಂದಲೇ ಬೆಳೆದವು. 1912ರ ಸುಮಾರಿಗೆ ಈ ಪ್ರಾಂತ ವರ್ಷಕ್ಕೆ ಹತ್ತಿರ ಹತ್ತಿರ 800 ಕೋಟಿ ಗಜ ಬಟ್ಟೆ ನೇಯುತ್ತಿತ್ತು. ಅದರ ಅತಿ ದೊಡ್ಡ ಮಾರುಕಟ್ಟೆ ಭಾರತ. ಇಂದು ಆ ವೈಭವ ಇಲ್ಲ. ಉಳಿದಿರುವುದು ನೆನಪು. ಅಲ್ಲಿನ ಗ್ರಂಥಾಲಯಗಳ ಧ್ವನಿಮುದ್ರಣಗಳಲ್ಲಿ, ಆತ್ಮಕಥೆಗಳಲ್ಲಿ, ಊರಿನ ವಸ್ತುಸಂಗ್ರಹಾಲಯಗಳಲ್ಲಿ ಈ ನೆನಪು ರಾಶಿ ಬಿದ್ದಿದೆ. ಅದನ್ನು ಸ್ವಲ್ಪ ಗಮನವಿಟ್ಟು ಕೇಳಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಜನ ಹಂಬಲಿಸುವುದು ಆ ಕಾಲದ ಬಡತನಕ್ಕಾಗಲೀ ಹೊಗೆಗಾಗಲೀ ಅಲ್ಲ. ಊರಿಗೆ ಊರೇ ಒಂದು ಗಡಿಯಾರಕ್ಕೆ ಬದುಕುತ್ತಿದ್ದ ಆ ಕೂಡುಬಾಳಿಗೆ.

ಕಿಟಕಿ ತಟ್ಟುವವನು

ಅಲ್ಲಿನ ಹಿರಿಯರ ನೆನಪು ಬಹುಮಟ್ಟಿಗೆ ಶಬ್ದದಿಂದ ಆರಂಭವಾಗುತ್ತದೆ. ಬೆಳಕು ಹರಿಯುವ ಮುನ್ನ ಬೀದಿಗೆ ಬರುತ್ತಿದ್ದವನು ‘ನಾಕರ್ ಅಪ್’, ಅಂದರೆ ಎಬ್ಬಿಸುವವನು. ಕೈಯಲ್ಲಿ ಉದ್ದನೆಯ ಕೋಲು, ಅದರ ತುದಿಗೆ ತಂತಿಯ ಗೊಂಚಲು. ಮಹಡಿಯ ಮಲಗುವ ಕೋಣೆಯ ಕಿಟಕಿಯನ್ನು ಅದರಿಂದ ತಟ್ಟಿ, ಒಳಗಿನವರು ಎದ್ದ ಸುಳಿವು ಸಿಕ್ಕ ಮೇಲೆ ಮುಂದಿನ ಮನೆಗೆ ಹೋಗುತ್ತಿದ್ದ. ವಾರಕ್ಕೆ ಮನೆಗೆ ಕೆಲವು ಪೆನ್ನಿ ಅವನ ಸಂಬಳ. ಅಲಾರಾಂ ಗಡಿಯಾರ ಅಗ್ಗವಾಗಿ ಸಿಗತೊಡಗಿದ ಮೇಲೂ ಕೆಲವು ಊರುಗಳಲ್ಲಿ ಈ ವೃತ್ತಿ ಬಹುಕಾಲ ಉಳಿದುಕೊಂಡಿತ್ತು. ಕಾರಣ ಸರಳ. ಗಿರಣಿಗೆ ಕೆಲವೇ ನಿಮಿಷ ತಡವಾದರೂ ಗೇಟು ಮುಚ್ಚುತ್ತಿತ್ತು, ಕೂಲಿ ಕಡಿತವಾಗುತ್ತಿತ್ತು. ಗಡಿಯಾರವನ್ನು ನಂಬುವುದಕ್ಕಿಂತ ಮನುಷ್ಯನನ್ನು ನಂಬುವುದು ಕ್ಷೇಮವೆನಿಸುತ್ತಿತ್ತು.

ಕಿಟಕಿಯ ಸದ್ದಿನ ಹಿಂದೆಯೇ ಗಿರಣಿಯ ಸೈರನ್. ಅದರ ಹಿಂದೆ ‘ಕ್ಲಾಗ್ಸ್’ ಎಂಬ ಪಾದರಕ್ಷೆಗಳ ಸದ್ದು. ಮರದ ಅಟ್ಟೆ, ತೊಗಲಿನ ಮೇಲ್ಭಾಗ, ಅಟ್ಟೆಯಡಿಗೆ ಕುದುರೆ ಲಾಳದಂತೆ ಬಡಿದ ಕಬ್ಬಿಣದ ಪಟ್ಟಿ. ನೂರಾರು ಗಂಡಸರು, ಹೆಂಗಸರು ಏಕಕಾಲಕ್ಕೆ ಕಲ್ಲುಹಾಸಿನ ಬೀದಿಗೆ ಇಳಿದರೆ ಆ ಸದ್ದು ಇಡೀ ಊರನ್ನು ತುಂಬುತ್ತಿತ್ತು. ಸಂಜೆ ಹುಡುಗರು ಅದೇ ಕ್ಲಾಗ್ಸ್ ಅನ್ನು ಕಲ್ಲಿಗೆ ಉಜ್ಜಿ ಕಿಡಿ ಹಾರಿಸಿ, ಮನೆಯಲ್ಲಿ ಬೈಸಿಕೊಳ್ಳುತ್ತಿದ್ದರು.

ಗಿರಣಿಯ ಒಳಗೆ ಮಾತ್ರ ಮಾತಿಗೆ ಎಡೆಯಿರಲಿಲ್ಲ. ನೂರಾರು ಮಗ್ಗಗಳ ಅಬ್ಬರದಲ್ಲಿ ಪಕ್ಕದವರ ಕೂಗೂ ಕೇಳಿಸದು. ಆದ್ದರಿಂದ ನೇಕಾರ ಹೆಂಗಸರು ತುಟಿಯ ಚಲನೆಯಿಂದಲೇ ಮಾತಾಡುವ ವಿದ್ಯೆಯನ್ನು ರೂಢಿಸಿಕೊಂಡಿದ್ದರು. ‘ಮೀ ಮಾಯಿಂಗ್’ ಎಂದು ಅದರ ಹೆಸರು. ಮುಖವನ್ನು ಅಗಲಿಸಿ, ತುಟಿಗಳನ್ನು ಎಳೆದು, ಕೈಸನ್ನೆ ಬೆರೆಸಿ ಮದುವೆ, ಬಾಣಂತನ, ಜಗಳ ಎಲ್ಲವನ್ನೂ ಮಗ್ಗದಿಂದ ಮಗ್ಗಕ್ಕೆ ದಾಟಿಸುತ್ತಿದ್ದರು. ಕೆಲಸ ಬಿಟ್ಟು ದಶಕಗಳು ಕಳೆದ ಮೇಲೂ ಅಂಥ ಅಜ್ಜಿಯರು ಬಸ್ಸಿನಲ್ಲಿ ದೂರದವರ ಗುಟ್ಟನ್ನು ತುಟಿ ನೋಡಿಯೇ ತಿಳಿಯಬಲ್ಲವರಾಗಿದ್ದರು ಎಂಬ ಮಾತು ಆ ಸೀಮೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಸೋಮವಾರ ಒಗೆತ, ಶುಕ್ರವಾರ ಹೊಸ್ತಿಲು

ದಿನಕ್ಕೆ ಸೈರನ್ ಇದ್ದಂತೆ ವಾರಕ್ಕೂ ಒಂದು ಕಟ್ಟುಪಾಡು ಇತ್ತು. ಸೋಮವಾರ ಬಟ್ಟೆ ಒಗೆಯುವ ದಿನ. ಬೆಳಿಗ್ಗೆ ಹಂಡೆಯಲ್ಲಿ ನೀರು ಕಾಯಿಸಿ, ದೊಡ್ಡ ಪೀಪಾಯಿಯಲ್ಲಿ ಬಟ್ಟೆ ನೆನೆಸಿ, ಮರದ ಕೋಲಿನಿಂದ ಕುಟ್ಟಿ, ಎರಡು ಉರುಳೆಗಳ ನಡುವೆ ಹಾಯಿಸಿ ಹಿಂಡುತ್ತಿದ್ದರು. ಸಾಲು ಮನೆಗಳ ಹಿತ್ತಲ ಓಣಿಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಒಣಹಾಕಿದರೆ ಇಡೀ ಓಣಿ ಬಿಳಿ ಹಚ್ಚಡಗಳಿಂದ ತುಂಬುತ್ತಿತ್ತು. ಆ ದಿನ ಕಲ್ಲಿದ್ದಲ ಗಾಡಿಯವನು ಓಣಿಗೆ ಬಂದರೆ ಅವನಿಗೆ ಹೆಂಗಸರ ಬೈಗುಳ ತಪ್ಪಿದ್ದಲ್ಲ. ಅಡುಗೆಗೆ ಪುರಸೊತ್ತಿಲ್ಲದ್ದರಿಂದ ಸೋಮವಾರದ ಊಟಕ್ಕೆ ಭಾನುವಾರ ಬೇಯಿಸಿ ಉಳಿದ ತಣ್ಣನೆಯ ಮಾಂಸವೇ ಗತಿ.

ವಾರದ ಕೊನೆಗೆ ಹೊಸ್ತಿಲಿನ ಸರದಿ. ನಮ್ಮಲ್ಲಿ ಹೊಸ್ತಿಲು ಸಾರಿಸಿ ರಂಗೋಲಿ ಇಡುವ ಪದ್ಧತಿಯನ್ನು ಬಲ್ಲವರಿಗೆ ಇದು ಆಪ್ತವೆನಿಸೀತು. ಅಲ್ಲಿನ ಗೃಹಿಣಿ ಮೊಣಕಾಲೂರಿ ಬಾಗಿಲ ಮುಂದಿನ ಮೆಟ್ಟಿಲನ್ನು ತೊಳೆದು, ‘ಡಾಂಕಿ ಸ್ಟೋನ್’ ಎಂಬ ಕಲ್ಲಿನಿಂದ ಅದರ ಅಂಚಿಗೆ ಬಿಳಿ, ಕೆನೆ ಅಥವಾ ಕಂದು ಬಣ್ಣದ ಪಟ್ಟಿ ಎಳೆಯುತ್ತಿದ್ದಳು. ಕಲ್ಲಿನ ಪುಡಿ, ಸಿಮೆಂಟು, ಚೆಲುವೆ ಪುಡಿ ಬೆರೆಸಿ ಅಚ್ಚು ಹಾಕಿದ ಬಿಲ್ಲೆ ಅದು. ತಯಾರಕರೊಬ್ಬರ ಕತ್ತೆಯ ಮುದ್ರೆಯಿಂದ ಈ ಹೆಸರು ಬಂತು. ಹಳೆ ಬಟ್ಟೆ ಕೊಳ್ಳುವ ಗಾಡಿಯವನಿಗೆ ಚಿಂದಿ ಕೊಟ್ಟರೆ ಬದಲಿಗೆ ಈ ಕಲ್ಲು ಸಿಗುತ್ತಿತ್ತು. ಮಳೆ ಬಂದರೆ ಅಥವಾ ಯಾರಾದರೂ ತುಳಿದರೆ ಅಳಿಸಿಹೋಗುವ ಈ ಪಟ್ಟಿಗಾಗಿ ಅಷ್ಟು ಶ್ರಮವೇಕೆ ಎಂದು ಕೇಳಬಹುದು. ಗೋಡೆ, ಆಕಾಶ, ಕಿಟಕಿ ಎಲ್ಲವೂ ಮಸಿಹಿಡಿದ ಊರಿನಲ್ಲಿ ತಾನು ಸೋತಿಲ್ಲವೆಂದು ಸಾರಲು ಆ ಮನೆಯಾಕೆಗೆ ಇದ್ದುದು ಹೊಸ್ತಿಲೊಂದೇ. ಪಟ್ಟಿ ಎಳೆಯದ ಮನೆಯ ಬಗ್ಗೆ ಬೀದಿ ಮಾತಾಡಿಕೊಳ್ಳುತ್ತಿತ್ತು. ಆ ಕೂಡುಬಾಳಿನಲ್ಲಿ ಅಕ್ಕರೆ ಇದ್ದಂತೆಯೇ ಕಾವಲೂ ಇತ್ತು ಎಂಬುದನ್ನು ಮರೆಯುವಂತಿಲ್ಲ.

ಸ್ನಾನಕ್ಕೂ ದಿನ ಗೊತ್ತಿತ್ತು. ಹಿತ್ತಲ ಗೋಡೆಯ ಮೊಳೆಗೆ ನೇತುಹಾಕಿದ್ದ ತಗಡಿನ ತೊಟ್ಟಿಯನ್ನು ಒಲೆಯ ಮುಂದೆ ಇಳಿಸಿ, ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಅದೇ ನೀರಿನಲ್ಲಿ ಮೀಯುತ್ತಿದ್ದರು. ಶೌಚಾಲಯ ಅಂಗಳದ ತುದಿಯಲ್ಲಿ. ಚೌಕಾಕಾರ ಕತ್ತರಿಸಿ ದಾರಕ್ಕೆ ಪೋಣಿಸಿದ ಹಳೆ ದಿನಪತ್ರಿಕೆಗೆ ಅಲ್ಲೂ ಒಂದು ಉಪಯೋಗವಿತ್ತು. ವಾರದ ಸಂಬಳ ಬಂದ ಸಂಜೆ ಕರಿದ ಮೀನು ಮತ್ತು ಆಲೂಗಡ್ಡೆ, ಅದನ್ನು ಸುತ್ತಿ ಕೊಡುತ್ತಿದ್ದುದೂ ಪತ್ರಿಕೆಯ ಹಾಳೆಯಲ್ಲೇ. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್ ಎಂಬ ಲೆಕ್ಕದಲ್ಲಿ ಮಕ್ಕಳು ಚಿಲ್ಲರೆ ಎಣಿಸುತ್ತಿದ್ದರು. 1971ರ ಫೆಬ್ರವರಿ 15ರಂದು ಬ್ರಿಟನ್ ಈ ಲೆಕ್ಕ ಬಿಟ್ಟು ದಶಮಾಂಶ ಪದ್ಧತಿಗೆ ಬಂತು. ಆಣೆ ಹೋಗಿ ನಯಾ ಪೈಸೆ ಬಂದ 1957ರ ಏಪ್ರಿಲ್ ತಿಂಗಳನ್ನು ಕಂಡ ನಮ್ಮ ಹಿರಿಯರಿಗೆ ಅಂದಿನ ಗೊಂದಲ ಅರ್ಥವಾದೀತು.

ಮರೆಯದ ಒಂದು ಸಂಖ್ಯೆ

ಈ ಊರುಗಳ ವೃದ್ಧರು ತಮ್ಮ ಟೆಲಿಫೋನ್ ಸಂಖ್ಯೆಯನ್ನು ಮರೆತರೂ ಅಮ್ಮನ ‘ಡಿವಿ’ ಸಂಖ್ಯೆಯನ್ನು ಮರೆಯುವುದಿಲ್ಲ ಎಂಬ ಮಾತಿದೆ. ಇದರ ಹಿಂದೆ ಒಂದು ದೊಡ್ಡ ಇತಿಹಾಸವೇ ಇದೆ. 1844ರ ಡಿಸೆಂಬರ್ 21ರಂದು ರಾಚ್‌ಡೇಲ್‌ನ ಟೋಡ್ ಲೇನ್ ಬೀದಿಯಲ್ಲಿ 28 ಸದಸ್ಯರ ಸಂಘವೊಂದು 28 ಪೌಂಡ್ ಬಂಡವಾಳದಿಂದ ಅಂಗಡಿ ತೆರೆಯಿತು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಪುಡಿಯಂಥ ಕೆಲವೇ ಪದಾರ್ಥಗಳು. ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ, ಬಂದ ಲಾಭದಲ್ಲಿ ಸದಸ್ಯರಿಗೆ ಅವರವರ ಖರೀದಿಗೆ ತಕ್ಕ ಪಾಲು. ಆಧುನಿಕ ಸಹಕಾರ ಚಳವಳಿಗೆ ಮಾದರಿಯಾದ ಅಂಗಡಿ ಇದು.

ಮುಂದೆ ಇಂಥ ಅಂಗಡಿಗಳು ಎಲ್ಲೆಡೆ ಹಬ್ಬಿದವು. ಸಾಮಾನು ತರಲು ಹೋದ ಮಗು ಅಂಗಡಿಯವನಿಗೆ ತನ್ನ ಮನೆಯ ಸದಸ್ಯತ್ವ ಸಂಖ್ಯೆಯನ್ನು ಹೇಳಲೇಬೇಕು. ತಪ್ಪು ಹೇಳಿದರೆ ಲಾಭಾಂಶ ಬೇರೆಯವರ ಖಾತೆಗೆ ಸೇರುತ್ತಿತ್ತು. ಆದ್ದರಿಂದ ತಾಯಂದಿರು ಮಗ್ಗಿಗಿಂತ ಮೊದಲು ಈ ಸಂಖ್ಯೆಯನ್ನು ಬಾಯಿಪಾಠ ಮಾಡಿಸುತ್ತಿದ್ದರು. ಲಾಭಾಂಶ ಬಂದ ದಿನ ಮಕ್ಕಳಿಗೆ ಬೂಟು, ಚಳಿಗಾಲದ ಕೋಟು. ಹೀಗಾಗಿ ಆ ಸಂಖ್ಯೆ ಬರೀ ಅಂಕಿಯಾಗಿ ಉಳಿಯದೆ ಅಮ್ಮನ ನೆನಪಿನೊಂದಿಗೆ ಬೆಸೆದುಕೊಂಡಿತು.

ಹೊಗೆಯಿಲ್ಲದ ವಾರ

ವರ್ಷದ ಕಟ್ಟುಪಾಡಿನಲ್ಲಿ ಎಲ್ಲಕ್ಕಿಂತ ಸಂಭ್ರಮದ್ದು ‘ವೇಕ್ಸ್ ವಾರ’. ಮೂಲದಲ್ಲಿ ಇದು ನಮ್ಮ ಊರಹಬ್ಬದಂತೆ ಚರ್ಚಿನ ಹಬ್ಬ. ಗಿರಣಿಗಳು ಬಂದ ಮೇಲೆ ಊರಿನ ಎಲ್ಲ ಗಿರಣಿಗಳೂ ಒಟ್ಟಿಗೆ ಮುಚ್ಚುವ ಬೇಸಿಗೆಯ ವಾರವಾಯಿತು. ಒಂದೊಂದು ಊರಿಗೆ ಒಂದೊಂದು ವಾರ. ಒಂದು ಊರು ಮರಳಿ ಕೆಲಸಕ್ಕೆ ಹೋಗುವಾಗ ಇನ್ನೊಂದು ಊರು ರೈಲು ಹತ್ತುತ್ತಿತ್ತು. ಹೆಚ್ಚಿನವರ ದಾರಿ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ. ಅಲ್ಲಿ 1894ರಲ್ಲಿ ತೆರೆದ ಎತ್ತರದ ಗೋಪುರವನ್ನು ರೈಲಿನ ಕಿಟಕಿಯಿಂದ ಮೊದಲು ಯಾರು ಕಾಣುತ್ತಾರೆಂಬುದು ಮಕ್ಕಳ ಪಂದ್ಯ.

ಈ ರಜೆಗೆ ಬಹುಕಾಲ ಸಂಬಳವಿರಲಿಲ್ಲ. ವೇತನಸಹಿತ ರಜೆಯ ಕಾನೂನು ಬಂದದ್ದು 1938ರಲ್ಲಿ. ಅದಕ್ಕೆ ಮುನ್ನ ವರ್ಷವಿಡೀ ವಾರವಾರವೂ ಚೀಟಿಯ ಹಾಗೆ ಹಣ ಕಟ್ಟಿ ಕೂಡಿಡುತ್ತಿದ್ದರು. ಕಡಲತೀರದ ವಸತಿಗೃಹಗಳಿಗೆ ಕುಟುಂಬಗಳು ದಿನಸಿಯನ್ನೂ ಒಯ್ಯುತ್ತಿದ್ದವು. ಮನೆಯೊಡತಿ ಅವರವರ ಸಾಮಾನಿನಿಂದ ಅವರವರ ಅಡುಗೆ ಮಾಡಿಕೊಡುತ್ತಿದ್ದಳು. ಊರು ಬಿಟ್ಟು ಬಂದರೂ ಮರಳ ಮೇಲೆ ಪಕ್ಕದ ಕುರ್ಚಿಯಲ್ಲಿ ಪಕ್ಕದ ಮನೆಯವರೇ ಸಿಗುತ್ತಿದ್ದರು.

ಹೋಗಲು ದುಡ್ಡಿಲ್ಲದೆ ಉಳಿದವರಿಗೂ ಆ ವಾರ ಒಂದು ಅಚ್ಚರಿ ಕಾದಿರುತ್ತಿತ್ತು. ಕುಲುಮೆಗಳು ಆರಿರುವುದರಿಂದ ಚಿಮಣಿಗಳಲ್ಲಿ ಹೊಗೆಯಿಲ್ಲ. ವರ್ಷವಿಡೀ ಮಸಿಯ ಪರದೆಯ ಹಿಂದೆ ಅಡಗಿದ್ದ ಪೆನೈನ್ ಬೆಟ್ಟಗಳು ಬೀದಿಯ ತುದಿಯಲ್ಲಿ ಹಸಿರಾಗಿ ನಿಂತಿರುತ್ತಿದ್ದವು.

ನೆನಪು ಬಿಟ್ಟುಕೊಡುವ ಪುಟಗಳು

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯವಾದೀತು. ಸೋಮವಾರಕ್ಕೆ ಇನ್ನೊಂದು ಹೆಸರೂ ಇತ್ತು. ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಎದೆ ಬಿಗಿಯುವ, ಉಸಿರು ಸಿಕ್ಕಿಕೊಳ್ಳುವ ‘ಬಿಸಿನೋಸಿಸ್’ ಎಂಬ ಕಾಯಿಲೆ ಬರುತ್ತಿತ್ತು. ವಾರದ ರಜೆ ಮುಗಿಸಿ ಮತ್ತೆ ಧೂಳಿಗೆ ಮರಳುವ ದಿನ ಅದು ಅತಿಯಾಗಿ ಬಾಧಿಸುತ್ತಿದ್ದುದರಿಂದ ‘ಸೋಮವಾರದ ಜ್ವರ’ ಎಂದೇ ಕರೆಯುತ್ತಿದ್ದರು. ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ಕಾಯಿಲೆಯೆಂದು ಇದಕ್ಕೆ ಮನ್ನಣೆ ಸಿಕ್ಕಿದ್ದು 1940ರ ದಶಕದಲ್ಲಿ. ಅಷ್ಟರಲ್ಲಿ ಹಲವು ತಲೆಮಾರುಗಳ ಎದೆ ಬರಿದಾಗಿತ್ತು.

ನೇಕಾರರು ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲನ್ನು ಹೀರಿ ಹೊರಗೆಳೆಯುತ್ತಿದ್ದರು. ಕೇಳಲು ಇಂಪಾದ ‘ಲಾಳಿಗೆ ಮುತ್ತು’ ಎಂಬ ಹೆಸರು ಅದಕ್ಕೆ. ಹಲವರು ಬಾಯಿಟ್ಟ ಲಾಳಿಯಿಂದ ಸೋಂಕು ಹರಡುತ್ತಿತ್ತು, ಹಲ್ಲು ಹಾಳಾಗುತ್ತಿತ್ತು. ಈ ಪದ್ಧತಿಯನ್ನು ನಿಷೇಧಿಸಿದ್ದು 1952ರಲ್ಲಿ. ಮಕ್ಕಳ ಪಾಡು ಇನ್ನೂ ಕಷ್ಟ. ಅರ್ಧ ದಿನ ಗಿರಣಿ, ಅರ್ಧ ದಿನ ಶಾಲೆ ಎಂಬ ವ್ಯವಸ್ಥೆಯಲ್ಲಿ, ಮುಂದೆ ಮಹಿಳಾ ಮತದಾನ ಹೋರಾಟದ ನಾಯಕಿಯಾದ ಆ್ಯನಿ ಕೆನಿ ಹತ್ತನೇ ವಯಸ್ಸಿಗೇ ಗಿರಣಿ ಸೇರಿ ಅಲ್ಲಿ ಒಂದು ಬೆರಳನ್ನು ಕಳೆದುಕೊಂಡರು. ಈ ಪದ್ಧತಿಗೆ ಅಂತ್ಯ ಹಾಡಿದ್ದು 1918ರ ಶಿಕ್ಷಣ ಕಾಯಿದೆ. ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಆ ಮಕ್ಕಳಿಗೆ ಎಬ್ಬಿಸುವವನ ಕೋಲಿನ ಸದ್ದು ಇಂಪಾಗಿ ಕೇಳಿಸಿರಲಾರದು.

ಧಾರವಾಡದಿಂದ ಡಾರ್ವೆನ್‌ವರೆಗೆ

ಈ ಊರುಗಳ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಪಾತ್ರವಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಂದ ಹತ್ತಿ ಬರುವುದು ನಿಂತಾಗ ಲ್ಯಾಂಕಾಶೈರ್ ಗಿರಣಿಗಳು ಮುಚ್ಚಿ ಕಾರ್ಮಿಕರು ಗಂಜಿಕೇಂದ್ರದ ಪಾಲಾದರು. ಆಗ ಗಿರಣಿ ಮಾಲೀಕರ ಕಣ್ಣು ಭಾರತದ ಮೇಲೆ ಬಿತ್ತು. ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜವನ್ನು ಒಗ್ಗಿಸಿ ‘ಧಾರವಾಡ-ಅಮೆರಿಕನ್’ ಹತ್ತಿ ಬೆಳೆಯಲಾಗುತ್ತಿತ್ತು. ಅದನ್ನು ಕಾರವಾರದ ಬಂದರಿನಿಂದ ಸಾಗಿಸುವ ಯೋಜನೆ ರೂಪುಗೊಂಡಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ್ದರ ಹಿಂದೆ ಈ ಹತ್ತಿಯ ಒತ್ತಡವೂ ಇತ್ತು.

ಪಶ್ಚಿಮ ಭಾರತದಿಂದ ಬಂದ ಹತ್ತಿಗೆಲ್ಲ ಅಲ್ಲಿ ‘ಸೂರತ್’ ಎಂಬ ಒಂದೇ ಹೆಸರು. ಎಳೆ ಗಿಡ್ಡ, ಕಸ ಹೆಚ್ಚು, ನೂಲು ಪದೇ ಪದೇ ತುಂಡಾಗುವುದರಿಂದ ಕೂಲಿಯೂ ಕಡಿಮೆ. ಕಾರ್ಮಿಕರು ಅದನ್ನು ಎಷ್ಟು ದ್ವೇಷಿಸಿದರೆಂದರೆ ‘ಸೂರತ್’ ಎಂಬುದು ಆ ಸೀಮೆಯಲ್ಲಿ ಕಳಪೆ ವಸ್ತುವಿಗೆ ಬೈಗುಳವಾಯಿತು.

1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಬಂದಿದ್ದ ಗಾಂಧೀಜಿ ಡಾರ್ವೆನ್ ಊರಿಗೆ ಭೇಟಿ ಕೊಟ್ಟರು. ಸ್ವದೇಶಿ ಚಳವಳಿಯಿಂದ ಕೆಲಸ ಕಳೆದುಕೊಂಡವರ ನಡುವೆ ಅವರೇ ಹೋಗಿ ನಿಂತರು. ಭಾರತದ ಹಳ್ಳಿಗಳ ಬಡತನ ಇದಕ್ಕಿಂತ ಆಳವಾದದ್ದೆಂದು ವಿವರಿಸಿದರು. ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ಜಯಕಾರ ಹಾಕುತ್ತಿರುವ ಚಿತ್ರ ಪ್ರಸಿದ್ಧವಾಗಿದೆ. ಹೊಟ್ಟೆಯ ಮೇಲೆ ಹೊಡೆತ ಬಿದ್ದರೂ ಅತಿಥಿಯನ್ನು ನಗುತ್ತ ಬರಮಾಡಿಕೊಂಡ ಅಜ್ಜಿಯಂದಿರ ಬಗ್ಗೆ ಡಾರ್ವೆನ್ ಇಂದಿಗೂ ಹೆಮ್ಮೆಪಡುತ್ತದೆ.

ರಾತ್ರಿ ಪಾಳಿಯವರ ನೆನಪು

ಎರಡನೇ ಮಹಾಯುದ್ಧದ ಬಳಿಕ ಇಳಿಗಾಲ ಶುರುವಾಯಿತು ಎಂಬುದಕ್ಕಿಂತ ಅದಕ್ಕೆ ವೇಗ ಬಂತೆನ್ನುವುದು ಸರಿ. 1958ರಲ್ಲಿ ಬ್ರಿಟನ್ ರಫ್ತು ಮಾಡಿದ ಹತ್ತಿ ಬಟ್ಟೆಗಿಂತ ಆಮದು ಮಾಡಿಕೊಂಡದ್ದೇ ಹೆಚ್ಚಾಯಿತು. 1959ರ ಕಾಯಿದೆಯಡಿ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಲು ಸರ್ಕಾರವೇ ಹಣ ಕೊಟ್ಟಿತು. ಉಳಿದ ಗಿರಣಿಗಳು ಹೊಸ ಯಂತ್ರ ತಂದವು. ಅವುಗಳ ಬೆಲೆ ಹುಟ್ಟಬೇಕಾದರೆ ಹಗಲಿರುಳೂ ಓಡಿಸಬೇಕು. ಹೆಂಗಸರ ರಾತ್ರಿ ಪಾಳಿಗೆ ಕಾನೂನಿನ ತಡೆ. ಸ್ಥಳೀಯ ಗಂಡಸರಿಗೆ ಆ ಕೂಲಿ ಬೇಡ. ಆ ಜಾಗಕ್ಕೆ ಬಂದವರು ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರ, ಪಂಜಾಬ್, ಅಂದಿನ ಪೂರ್ವ ಪಾಕಿಸ್ತಾನದ ಸಿಲ್ಹೆಟ್, ಗುಜರಾತಿನ ಭರೂಚ್ ಮತ್ತು ಸೂರತ್ ಕಡೆಯ ಜನ. ಒಂದು ಶತಮಾನದ ಹಿಂದೆ ಯಾವ ಊರಿನ ಹೆಸರು ಬೈಗುಳವಾಗಿತ್ತೋ ಆ ಊರಿನವರೇ ಬಂದು ಕೊನೆಯ ಗಿರಣಿಗಳನ್ನು ನಡೆಸಿದರು.

ಅವರ ನೆನಪಿನ ಲ್ಯಾಂಕಾಶೈರ್ ಬೇರೆಯೇ. ಹಗಲು ಪಾಳಿಯವರು ಹೊರಬರುವಾಗ ಇವರು ಒಳಹೋಗುತ್ತಿದ್ದರು. ಮುಖಾಮುಖಿ ಗೇಟಿನ ಬಳಿ ಮಾತ್ರ. ಒಬ್ಬ ಎದ್ದುಹೋದ ಹಾಸಿಗೆಯಲ್ಲಿ ಪಾಳಿ ಮುಗಿಸಿ ಬಂದ ಇನ್ನೊಬ್ಬ ಮಲಗುತ್ತಿದ್ದ ಬಾಡಿಗೆ ಮನೆಗಳು, ಕಿಟಕಿಗೆ ಕಟ್ಟಿದ ಮಂಜು, ಊರಿಗೆ ಕಳಿಸಿದ ಮನಿಯಾರ್ಡರು. ಇವು ಅವರ ನೆನಪುಗಳು. 1965ರಲ್ಲಿ ಪ್ರೆಸ್ಟನ್‌ನ ಕೃತಕ ನೂಲಿನ ಕಾರ್ಖಾನೆಯೊಂದರಲ್ಲಿ ಹೆಚ್ಚು ಯಂತ್ರಗಳ ಹೊಣೆ ಹೇರಿದ್ದನ್ನು ವಿರೋಧಿಸಿ ಏಷ್ಯಾದ ಕಾರ್ಮಿಕರು ಮುಷ್ಕರ ಹೂಡಿದಾಗ ಬಿಳಿಯ ಸಹೋದ್ಯೋಗಿಗಳು ಜೊತೆ ನಿಲ್ಲಲಿಲ್ಲ, ಮುಷ್ಕರ ವಿಫಲವಾಯಿತು. ಗಿರಣಿಗಳು ಮುಚ್ಚಿದಾಗ ಇಬ್ಬರ ಕೆಲಸವೂ ಒಟ್ಟಿಗೇ ಹೋಯಿತು.

2001ರ ಬೇಸಿಗೆಯಲ್ಲಿ ಓಲ್ಡ್‌ಹ್ಯಾಮ್ ಮತ್ತು ಬರ್ನ್ಲಿಯಲ್ಲಿ ಜನಾಂಗೀಯ ಗಲಭೆಗಳು ನಡೆದವು. ಅದೇ ವರ್ಷಾಂತ್ಯದಲ್ಲಿ ಬಂದ ಟೆಡ್ ಕ್ಯಾಂಟಲ್ ವರದಿ, ಅಲ್ಲಿನ ಸಮುದಾಯಗಳು ಎಲ್ಲೂ ಸಂಧಿಸದ ಸಮಾನಾಂತರ ಬದುಕು ಬದುಕುತ್ತಿವೆ ಎಂದಿತು. ಇದರ ಬೇರನ್ನು ಹುಡುಕುವವರು ವಸತಿ, ಶಾಲೆ, ನಿರುದ್ಯೋಗಗಳನ್ನು ಹೆಸರಿಸುತ್ತಾರೆ. ಗಡಿಯಾರವನ್ನೂ ಆ ಪಟ್ಟಿಗೆ ಸೇರಿಸಬೇಕು. ಊರೆಲ್ಲ ಒಂದೇ ಸೈರನ್‌ಗೆ ಏಳುತ್ತಿದ್ದ ಆ ಕೂಡುಬಾಳು, ಕೊನೆಗೆ ಬಂದವರಿಗೆ ಒಂದು ದಿನವೂ ದಕ್ಕಲಿಲ್ಲ. ಹಳೆಯ ದಿನಗಳ ಹಂಬಲ ಹಗಲು ಪಾಳಿಯದ್ದಷ್ಟೇ ಆದಾಗ, ರಾತ್ರಿ ಪಾಳಿಯವರ ಮಕ್ಕಳು ತಾವು ಹುಟ್ಟಿದ ಊರಿನ ಚರಿತ್ರೆಯಲ್ಲೇ ಪರಕೀಯರಾಗುತ್ತಾರೆ.

ಚಿಮಣಿ ಬಿದ್ದ ಮೇಲೆ

ಬೋಲ್ಟನ್‌ನ ಫ್ರೆಡ್ ಡಿಬ್ನಾ ಚಿಮಣಿ ಏರಿ ದುರಸ್ತಿ ಮಾಡುವ ಕಸುಬಿನವರು. 1979ರ ಬಿಬಿಸಿ ಸಾಕ್ಷ್ಯಚಿತ್ರದಿಂದ ಅವರು ದೇಶಕ್ಕೆಲ್ಲ ಪರಿಚಿತರಾದರು. ಚಿಮಣಿಯ ಬುಡವನ್ನು ಕೊರೆದು, ಮರದ ದಿಮ್ಮಿಗಳ ಆಸರೆ ಕೊಟ್ಟು, ಆ ದಿಮ್ಮಿಗಳಿಗೆ ಬೆಂಕಿಯಿಟ್ಟು ಅವರು ಚಿಮಣಿಗಳನ್ನು ಉರುಳಿಸುತ್ತಿದ್ದರು. ನೋಡಲು ಊರೇ ನೆರೆಯುತ್ತಿತ್ತು. ಚಿಮಣಿಗಳನ್ನು ಪ್ರಾಣದಂತೆ ಪ್ರೀತಿಸುತ್ತಿದ್ದ ವ್ಯಕ್ತಿಗೇ ಅವನ್ನು ಕೆಡವುವ ಕೆಲಸ ಜೀವನೋಪಾಯವಾಯಿತು. 2004ರಲ್ಲಿ ಅವರು ತೀರಿಕೊಂಡರು. ಬರ್ನ್ಲಿಯಲ್ಲಿ 1982ರಲ್ಲಿ ಮುಚ್ಚಿದ ಕ್ವೀನ್ ಸ್ಟ್ರೀಟ್ ಗಿರಣಿಯನ್ನು ಅದರ ಉಗಿಯಂತ್ರ ಮತ್ತು ಮಗ್ಗಗಳ ಸಮೇತ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಳ್ಳಲಾಯಿತು. ನೂರಾರು ಮಗ್ಗಗಳಲ್ಲಿ ಕೆಲವನ್ನಷ್ಟೇ ಓಡಿಸಿ ತೋರಿಸಿದರೂ ನೋಡಲು ಬಂದವರು ಕಿವಿ ಮುಚ್ಚಿಕೊಳ್ಳುತ್ತಾರೆ.

ನಮ್ಮ ದಾವಣಗೆರೆಯಲ್ಲಿ, ಬೆಂಗಳೂರಿನ ಗಿರಣಿ ಬಡಾವಣೆಗಳಲ್ಲಿ ಸೈರನ್‌ಗೆ ಗಡಿಯಾರ ಹೊಂದಿಸಿಕೊಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಹಿಡಿದವರಿಗೆ ಲ್ಯಾಂಕಾಶೈರ್ ಕೊಡುವ ಪಾಠ ಇಷ್ಟೆ: ಹಬ್ಬದ ಜೊತೆಗೆ ಕೆಮ್ಮನ್ನೂ, ಹಗಲಿನವರ ಜೊತೆಗೆ ರಾತ್ರಿಯವರನ್ನೂ ಕೇಳಬೇಕು.

ಇಂದು ಓಲ್ಡ್‌ಹ್ಯಾಮ್‌ನ ಬೀದಿಯ ತುದಿಯಲ್ಲಿ ನಿಂತರೆ, ಮೋಡ ಮುಸುಕದ ದಿನಗಳಲ್ಲಿ, ಪೆನೈನ್ ಬೆಟ್ಟಗಳು ವರ್ಷವಿಡೀ ಕಾಣುತ್ತವೆ. ಅದಕ್ಕಾಗಿ ವೇಕ್ಸ್ ವಾರದವರೆಗೆ ಕಾಯಬೇಕಿಲ್ಲ. ಊರೆಲ್ಲ ಒಟ್ಟಿಗೆ ಕೆಲಸ ನಿಲ್ಲಿಸಿ ಆ ಬೆಟ್ಟವನ್ನು ನೋಡುವ ವಾರ ಮಾತ್ರ ಈಗ ಇಲ್ಲ.